ಪ್ರಸಾಧನ ಪೆಟ್ಟಿಗೆಯೂ ಶ್ರಾವಕಾಚಾರವೂ

ಮದುವೆಯ ಕಾಲ ಸಮೀಪಿಸಿದೊಡನೆ ಪತ್ರಿಕೆಗಳ ಸೌಂದರ್ಯಪುಟಗಳಲ್ಲಿ ಒಂದೇ ಬಗೆಯ ಲೇಖನ ಮತ್ತೆ ಮತ್ತೆ ಪ್ರಕಟವಾಗುತ್ತದೆ. ಮೊದಲ ಬಾರಿ ಮೇಕಪ್ ಪೆಟ್ಟಿಗೆಯನ್ನು ಕೂಡಿಸಿಕೊಳ್ಳುವ ಹೆಣ್ಣುಮಕ್ಕಳಿಗೆ ಏನೇನು ಸಾಮಗ್ರಿ ಬೇಕು, ಎಷ್ಟು ಬ್ರಷ್ ಬೇಕು ಎಂಬ ಪಟ್ಟಿ ಅದು. ಚಳ್ಳಕೆರೆ, ಮೊಳಕಾಲ್ಮೂರುಗಳ ನಮ್ಮ ಮನೆಗಳಲ್ಲಿಯೂ ಮದುವೆಯ ಜವಳಿಯೊಡನೆ ಈ ಪಟ್ಟಿಯಂತೆ ಖರೀದಿ ನಡೆಯುತ್ತದೆ. ಆದುದರಿಂದ ಈ ಬರವಣಿಗೆಯನ್ನು ಒಂದು ಪ್ರಕಾರವೆಂದೇ ಎಣಿಸಿ ಅದರ ಗುಣದೋಷಗಳನ್ನು ವಿಮರ್ಶಿಸುವುದು ಅನುಚಿತವಾಗಲಾರದು.

ಗುಣವನ್ನು ಮೊದಲು ಹೇಳಬೇಕು. ಇವುಗಳಲ್ಲಿ ಉತ್ತಮವಾದ ಲೇಖನಗಳು ಅಲ್ಪದಿಂದ ಆರಂಭಿಸಿರೆಂದು ಹೇಳುತ್ತವೆ: ಮೈಬಣ್ಣಕ್ಕೆ ಹೊಂದುವ ಒಂದು ಲೇಪ, ಒಂದು ಪೌಡರ್, ಕಾಡಿಗೆ, ಒಂದು ತುಟಿಬಣ್ಣ, ಮೂರು ನಾಲ್ಕು ಬ್ರಷ್. ಬ್ರಷ್ಷುಗಳನ್ನು ಆಗಾಗ ತೊಳೆದು ಒಣಗಿಸಬೇಕು, ಕಣ್ಣಿನ ಸಾಮಗ್ರಿಯನ್ನು ಪರರೊಡನೆ ಹಂಚಿಕೊಳ್ಳಬಾರದು, ಮಸ್ಕರಾವನ್ನು ತೆರೆದ ಮೂರರಿಂದ ಆರು ತಿಂಗಳೊಳಗೆ ಬಿಡಬೇಕು ಎಂಬ ಮಾತುಗಳೂ ಯುಕ್ತವಾದವೇ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ '12 ಎಂ' ಎಂದಿದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು ಮಾತ್ರ ಬಳಸಬಹುದೆಂದು ಅರ್ಥ. ಇಪ್ಪತ್ತು ಬಣ್ಣಗಳನ್ನು ಕೊಂಡವಳು ಹದಿನೈದನ್ನು ಎಸೆಯುವಳೆಂಬುದು ದಾಸ್ತಾನಿನ ಲೆಕ್ಕ ಬಲ್ಲ ಯಾವ ವ್ಯಾಪಾರಿಗೂ ತಿಳಿಯುವ ಸಂಗತಿ.

ದೋಷವಿರುವುದು ಬ್ರಷ್ಷಿನ ಪ್ರಕರಣದಲ್ಲಿ. ಪೌಡರಿಗೆ 'ನೈಸರ್ಗಿಕ ಕೂದಲಿನ' ಬ್ರಷ್ಷೇ ಶ್ರೇಷ್ಠವೆಂದು ಬರೆದು ಲೇಖಕರು ಅಲ್ಲಿಗೇ ಲೇಖನಿಯನ್ನು ಕೆಳಗಿಡುತ್ತಾರೆ. ಕೂದಲಿನ ಮೇಲ್ಮೈಯ ಸೂಕ್ಷ್ಮ ಪದರಗಳು ಪುಡಿಯನ್ನು ಹಿಡಿದಿಡುತ್ತವೆಂಬುದು ನಿಜ. ಆದರೆ ಅದು ಯಾರ ಕೂದಲು? ಆಡಿನದು, ಕುದುರೆಯದು, ಅಳಿಲಿನ ಬಾಲದ್ದು, ಸೈಬೀರಿಯದ ಕಡೆಯ ಕೊಲಿನ್‌ಸ್ಕಿ ಎಂಬ ಪುಟ್ಟ ಮಾಂಸಾಹಾರಿ ಪ್ರಾಣಿಯದು. ಆಡಿನ ಕೂದಲನ್ನು ಕತ್ತರಿಸಿಯೂ ತೆಗೆಯಬಹುದು; ಅಳಿಲು, ಕೊಲಿನ್‌ಸ್ಕಿಗಳ ಕೂದಲು ತುಪ್ಪಳದ ವ್ಯಾಪಾರದಿಂದ, ಎಂದರೆ ಸತ್ತ ಪ್ರಾಣಿಯಿಂದಲೇ ಬರುತ್ತದೆ. ನಮ್ಮ ಶೇಂಗಾ ಹೊಲದ ಬದುಗಳಲ್ಲಿ ಓಡಾಡುವ ಮುಂಗುಸಿಯನ್ನೂ ಚಿತ್ರಕಾರರ ಬ್ರಷ್ಷಿಗಾಗಿ ಕೊಂದು ಮಾರುವ ಕಳ್ಳದಂಧೆ ಈ ದೇಶದಲ್ಲಿ ನಡೆದಿದೆ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಆ ಪ್ರಾಣಿಗಿದ್ದರೂ ದಂಧೆ ನಡೆಯಿತು.

ಕುಂಚದ ವಿಚಾರದಲ್ಲಿ ಜೈನರಷ್ಟು ಸೂಕ್ಷ್ಮವಾಗಿ ಯೋಚಿಸಿದ ಸಮಾಜ ಬೇರೊಂದಿರಲಾರದು. ದಿಗಂಬರ ಮುನಿಗಳ ಪಿಂಛಿ ನವಿಲು ತಾನಾಗಿ ಉದುರಿಸಿದ ಗರಿಗಳದು. ಶ್ವೇತಾಂಬರ ಸಾಧುಗಳ ರಜೋಹರಣ ಉಣ್ಣೆಯದು. ನೆಲದ ಮೇಲಿನ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವವನ್ನು ನೋಯಿಸದೆ ಸರಿಸಲೆಂದು ಅವನ್ನು ಹಿಡಿದ ಪರಂಪರೆಯ ಮನೆಯಲ್ಲಿ, ಕೆನ್ನೆಗೆ ಪುಡಿ ಸವರಲೆಂದು ಅಳಿಲಿನ ಬಾಲವಿರುವುದು ವಿಪರ್ಯಾಸ.

ಇದು ನಮ್ಮ ಶಾಸ್ತ್ರಕಾರರು ಕಾಣದ ಸಮಸ್ಯೆಯೂ ಅಲ್ಲ. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳ ವಿವರಣೆಯಿದೆ. 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಆ ವಿಷಯ ಬರುತ್ತದೆ. ದಂತವಾಣಿಜ್ಯವೆಂದರೆ ಆನೆಯ ದಂತ ಮಾತ್ರವಲ್ಲ. ಕೇಶ, ನಖ, ಅಸ್ಥಿ, ಚರ್ಮ, ರೋಮಗಳೂ ಅದರಲ್ಲಿ ಸೇರುತ್ತವೆ. ಅವನ್ನು ಉತ್ಪತ್ತಿಯ ಸ್ಥಳದಲ್ಲಿಯೇ ಕೊಳ್ಳುವುದನ್ನು ಆಚಾರ್ಯರು ವಿಶೇಷವಾಗಿ ನಿಷೇಧಿಸಿದ್ದಾರೆ. ವ್ಯಾಪಾರಿಯ ಹಣ ಕೈಗೆ ಬಂದೊಡನೆ ಬೇಟೆಗಾರನು ಕಾಡಿಗೆ ಹೋಗುತ್ತಾನೆಂಬುದೇ ಅದರ ಕಾರಣ. ದೂರದ ಅಂಗಡಿಯಲ್ಲಿ ಕೊಂಡವರಿಗೆ ಆ ದೋಷ ತಗಲದೆಂದು ವಾದಿಸುವವರುಂಟು. ಈ ವಾದ ಹಳೆಯ ಕಾಲದ ಸಂತೆಗೆ ಒಪ್ಪೀತು. ಇಂದು ಬೆಂಗಳೂರಿನಲ್ಲಿ ಮಾರಾಟವಾದ ಪೆಟ್ಟಿಗೆಯೊಂದರ ಲೆಕ್ಕ ಕಾರ್ಖಾನೆಯ ಮುಂದಿನ ಬೇಡಿಕೆಯ ಹಾಳೆಯನ್ನು ಸೇರುತ್ತದೆ. ಕೊಳ್ಳುವವನಿಗೂ ಉತ್ಪತ್ತಿಯ ಸ್ಥಳಕ್ಕೂ ಅಂತರವುಳಿದಿಲ್ಲ.

ಲಾಕ್ಷಾವಾಣಿಜ್ಯ ಅದೇ ಪಟ್ಟಿಯ ಮತ್ತೊಂದು ಹೆಸರು. ಅರಗಿನ ಹುಳುವಿನ ಸ್ರಾವದಿಂದಾದ ಶೆಲ್ಯಾಕ್ ಇಂದಿಗೂ ಉಗುರುಬಣ್ಣಗಳಲ್ಲಿ, ಕೆಲವು ಮಸ್ಕರಾಗಳಲ್ಲಿ ಉಂಟು. ತುಟಿಬಣ್ಣದ ಕೆಂಪಿಗೆ ಬಳಸುವ ಕಾರ್ಮೈನ್ ಇನ್ನೂ ಘೋರವಾದುದು. ಪೆರು ದೇಶದಲ್ಲಿ ಪಾಪಾಸುಕಳ್ಳಿಯ ಮೇಲೆ ಬೆಳೆಸುವ ಕೊಚಿನೀಲ್ ಎಂಬ ಹುಳುಗಳನ್ನು ಒಣಗಿಸಿ ಅರೆದು ತೆಗೆದ ಬಣ್ಣವಿದು. ಒಂದು ಪೌಂಡಿಗೆ ಸುಮಾರು 70,000 ಹುಳುಗಳೆಂಬ ಲೆಕ್ಕ ಪ್ರಸಿದ್ಧವಾಗಿದೆ. ಡಬ್ಬಿಯ ಮೇಲೆ ಹುಳುವಿನ ಹೆಸರಿರುವುದಿಲ್ಲ, 'ಸಿ.ಐ. 75470' ಎಂಬ ಸಂಖ್ಯೆಯಿರುತ್ತದೆ. ಅದೇ ತುಟಿಬಣ್ಣದ ಮೈಗೆ ಹೆಚ್ಚಾಗಿ ಬಳಕೆಯಾಗುವುದು ಹರಳೆಣ್ಣೆ. ಎಣ್ಣೆಯ ಊರೆಂದು ಹೆಸರಾದ ಚಳ್ಳಕೆರೆಯವರಿಗೆ ಅದರ ಪರಿಚಯ ಬೇಡ.

ಕೊಳ್ಳುವವರಿಗೆ ಕಾನೂನಿನ ನೆರವು ಪೂರ್ಣವಾಗಿ ದೊರೆತಿಲ್ಲ. ಪ್ರಸಾಧನದಲ್ಲಿ ಪ್ರಾಣಿಜನ್ಯ ವಸ್ತುವಿದೆಯೇ ಎಂದು ತಿಳಿಯುವ ಹಕ್ಕು ಗ್ರಾಹಕನಿಗುಂಟೆಂದು ದೆಹಲಿ ಉಚ್ಚ ನ್ಯಾಯಾಲಯ 2002ರಲ್ಲಿ ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಅದನ್ನು ರದ್ದುಗೊಳಿಸಿತು. ಆಮೇಲೂ ಹಸಿರು ಚುಕ್ಕೆ ಕಾಣದ ಪೆಟ್ಟಿಗೆಗಳು ಅಂಗಡಿಯಲ್ಲಿ ಅನೇಕ. 2014ರಲ್ಲಿ ಭಾರತವು ಪ್ರಸಾಧನಗಳಿಗಾಗಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದನ್ನು ನಿಷೇಧಿಸಿದ್ದು ಶ್ಲಾಘ್ಯ. ಆದರೆ ಪ್ರಾಣಿಪ್ರಯೋಗವಿಲ್ಲವೆಂಬ ಮುದ್ರೆ ಒಳಗಿರುವ ವಸ್ತುವಿನ ಬಗೆಗೆ ಏನನ್ನೂ ಹೇಳುವುದಿಲ್ಲ. ಮೊಲದ ಚಿತ್ರವನ್ನು ಕಂಡು ತೃಪ್ತರಾಗುವವರು ಇದನ್ನು ಗಮನಿಸಬೇಕು. ಪುಣೆಯಲ್ಲಿ 1974ರಿಂದ ಕಾರ್ಯನಿರತವಾಗಿರುವ ಬ್ಯೂಟಿ ವಿದೌಟ್ ಕ್ರುಯೆಲ್ಟಿ ಸಂಸ್ಥೆಯ ಮಾಹಿತಿ ಇಲ್ಲಿ ಉಪಯುಕ್ತ.

ಅಲಂಕಾರವೇ ಪಾಪವೆಂದು ಹೇಳುವ ಹಿರಿಯರ ಮಾತನ್ನೂ ನಾನು ಒಪ್ಪಲಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಅಲಂಕಾರ, ಗಂಧ, ಪುಷ್ಪ, ಅಂಜನಗಳನ್ನು ಬಿಡಬೇಕೆನ್ನುತ್ತಾರೆ. ಉಳಿದ ದಿನ ಗೃಹಸ್ಥರಿಗೆ ಅವು ಉಂಟೆಂದೇ ಅದರ ತಾತ್ಪರ್ಯ. ಭೋಗೋಪಭೋಗ ಪರಿಮಾಣವ್ರತದಲ್ಲಿ ಕಾಲಮಿತಿಯಿಂದ ನಿಯಮ ಹಿಡಿಯಬೇಕಾದ ವಸ್ತುಗಳನ್ನು ಎಣಿಸುವಾಗ ಅಂಗರಾಗವನ್ನೂ ಸೇರಿಸಿ, ಅದಕ್ಕೆ 'ಪವಿತ್ರ' ಎಂಬ ವಿಶೇಷಣವನ್ನು ಕೊಟ್ಟಿದ್ದಾರೆ. ದಿನ, ಪಕ್ಷ, ಮಾಸ, ಋತು, ಅಯನ ಎಂದು ಅವಧಿಯನ್ನೂ ಹೇಳಿದ್ದಾರೆ. ಪತ್ರಿಕೆಯ ಪಟ್ಟಿಯಲ್ಲಿ ಇಲ್ಲದ ಕಾಲಂ ಇದು: ಎಷ್ಟು ದಿನಕ್ಕೆ, ಎಷ್ಟು ಮಾತ್ರ, ಯಾವುದರಿಂದ ಆದುದು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನುಟ್ಟ ವಧುವಿನ ಬ್ರಷ್ಷನ್ನು ಪರೀಕ್ಷಿಸುವುದು ಎಂತಹ ನ್ಯಾಯ? ಗೂಡಿನೊಳಗಿನ ಹುಳುವನ್ನು ಕೊಂದೇ ಆ ನೂಲು ಬರುವುದಲ್ಲವೆ? ಆಕ್ಷೇಪ ಸತ್ಯವಾದುದು, ಆ ಹಿಂಸೆಯ ಲೆಕ್ಕವೂ ನಮ್ಮ ಹೆಸರಿನಲ್ಲಿಯೇ ಇದೆ. ಆದರೆ ರೇಷ್ಮೆಯನ್ನು ಬಿಡುವ ಪ್ರಶ್ನೆಯಲ್ಲಿ ಮಗ್ಗವನ್ನೇ ನಂಬಿದ ನೆರೆಯವರ ಅನ್ನವಿದೆ, ಅದಕ್ಕೆ ಬೇರೆಯೇ ವಿಚಾರ ಬೇಕು. ಬ್ರಷ್ಷಿನ ವಿಷಯದಲ್ಲಿ ಅಂತಹ ತೊಡಕಿಲ್ಲ. ನೈಲಾನ್ ಎಳೆಯ ಬ್ರಷ್ ಸಾಮಾನ್ಯವಾಗಿ ಅಗ್ಗ, ತೊಳೆಯಲು ಸುಲಭ, ದ್ರವಲೇಪಕ್ಕೆ ಕೂದಲಿಗಿಂತ ಮೇಲು. ಅದು ಪ್ಲಾಸ್ಟಿಕ್ ಎಂಬ ಕೊರತೆಯುಂಟು. ಮೂರು ಬ್ರಷ್ಷುಗಳನ್ನು ಹಲವು ವರ್ಷ ಬಳಸಿದರೆ ಆ ಕೊರತೆ ಸಾಕಷ್ಟು ತಗ್ಗುತ್ತದೆ.

ಬಸದಿ, ಮಂದಿರಗಳ ಟ್ರಸ್ಟುಗಳು ಸಾಮೂಹಿಕ ವಿವಾಹದಲ್ಲಿ ವಧುಗಳಿಗೆ ಕೊಡುವ ಪೆಟ್ಟಿಗೆ ಸಗಟು ಖರೀದಿಯದು. ಅಲ್ಲಿ ಪ್ರಶ್ನೆ ಕೇಳಲು ಬಲವಿದೆ. ಬ್ರಷ್ಷಿನ ಎಳೆ ಯಾವುದು, ಕೆಂಪು ಯಾವುದರಿಂದ ಬಂತು, ಅರಗು ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಪೂರೈಕೆದಾರರಿಂದ ಲಿಖಿತ ಉತ್ತರ ಪಡೆದು, ಅದನ್ನು ಬಿಲ್ಲಿನೊಡನೆ ಲೆಕ್ಕಪತ್ರದ ಕಡತದಲ್ಲಿ ಇರಿಸಬೇಕು. ಉತ್ತರ ಬಾರದ ಸಾಮಗ್ರಿಯನ್ನು ಪಟ್ಟಿಯಿಂದ ತೆಗೆದು, ಉಳಿದ ಹಣಕ್ಕೆ ಅರಿಶಿನದಿಂದಾದ ಕುಂಕುಮದ ಭರಣಿಯನ್ನು ಸೇರಿಸಬಹುದು.