ಕೌದಿಯೊಳಗೊಂದು ಕೌದಿ

ಯಾರಾದರೂ ಕೌದಿ ತಂದು ತೋರಿಸಿದರೆ ಮೊದಲು ಅದನ್ನು ಮಗುಚಿ ಹಾಕುತ್ತೇನೆ. ಹಿಂಬದಿಯ ಹೊಲಿಗೆ ನೋಡಿ, ಆಮೇಲೆ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡುತ್ತೇನೆ. ಬಣ್ಣ, ಚೌಕ, ಅಂಚಿನ ಚೆಲುವು ಎಲ್ಲ ಆಮೇಲಿನ ಮಾತು. ಒಳ್ಳೆಯ ಕೌದಿ ಮುಷ್ಟಿಯಲ್ಲಿ ಮೆತ್ತಗೆ ಕೂತು, ಬಿಟ್ಟರೂ ಅವಸರವಿಲ್ಲದೆ ಅರಳಿಕೊಳ್ಳುತ್ತದೆ. ಹೊಸ ಬಟ್ಟೆ ಕತ್ತರಿಸಿ ಹೊಲಿದದ್ದಾದರೆ ಗಂಜಿ ಹಾಕಿದ ಧೋತರದ ಹಾಗೆ ತಟ್ಟನೆ ಸೆಟೆದು ನಿಲ್ಲುತ್ತದೆ. ಆ ಮೆತ್ತನೆಯ ಗುಣ ಹೊಲಿಯುವವರು ಕೊಟ್ಟದ್ದಲ್ಲ, ಉಟ್ಟವರು ಕೊಟ್ಟದ್ದು. ಸಾವಿರ ಸಲ ಒಗೆದು, ಹಿಂಡಿ, ಬಿಸಿಲಿಗೆ ಹರವಿದ ಹತ್ತಿಗೆ ಮಾತ್ರ ಅದು ಬರುತ್ತದೆ.

ಕಳೆದ ಕೆಲವು ವಾರ ಇಲ್ಲಿ ಉಣ್ಣೆ ಹೆಣಿಗೆಯ ವಿಷಯ ಬರೆಯುತ್ತಿದ್ದೆ. ಹೆಣಿಗೆಯಲ್ಲಿ ದೊಡ್ಡ ಸಮಾಧಾನವೆಂದರೆ ಬಿಚ್ಚಬಹುದು. ಕೂಸಿಗೆ ಗಿಡ್ಡವಾದ ಸ್ವೆಟರಿನ ಎಳೆ ಹಿಡಿದು ಎಳೆದರೆ ಸಾಲು ಸಾಲೇ ಕಳಚಿಕೊಂಡು ಬರುತ್ತದೆ. ಉಣ್ಣೆಯನ್ನು ಲಡಿ ಸುತ್ತಿ, ತೊಳೆದು, ತುದಿಗೆ ಭಾರ ಕಟ್ಟಿ ಒಣಗಿಸಿದರೆ ಸುರುಳಿ ಹೋಗಿ ಎಳೆ ನೆಟ್ಟಗಾಗುತ್ತದೆ, ಇನ್ನೊಂದಕ್ಕೆ ಸಿದ್ಧ. ಕೌದಿಯನ್ನು ಯಾರೂ ಬಿಚ್ಚುವುದಿಲ್ಲ. ಸವೆದ ಕಡೆ ತುಂಡು ಕೂರಿಸುತ್ತಾರೆ. ಪೂರ್ತಿ ಸವೆದರೆ ಅದನ್ನೇ ಒಳಗಿಟ್ಟು ಮೇಲೊಂದು ಕೆಳಗೊಂದು ಸೀರೆ ಹಾಸಿ ಮತ್ತೆ ಹೊಲಿಯುತ್ತಾರೆ. ಹಳೆಯ ಕೌದಿ ಹೊಸದರ ಹೊಟ್ಟೆಗೆ ಸೇರುತ್ತದೆ.

ಇದು ನನಗೆ ಕಣ್ಣಾರೆ ಕಂಡದ್ದು ನಮ್ಮದೇ ಅಟ್ಟದಿಂದ ಇಳಿಸಿದ ಒಂದು ಕೌದಿಯಲ್ಲಿ. ಇಲಿ ಕಡಿದು ಒಂದು ಬದಿ ಬಾಯಿ ಬಿಟ್ಟಿತ್ತು. ತೇಪೆ ಹಾಕೋಣವೆಂದು ಕೂತವಳು ಒಳಗೆ ಬೆರಳಿಟ್ಟು ನೋಡಿದೆ. ಮೇಲೆ ಅವ್ವನ ವಾಯಿಲ್ ಸೀರೆ, ಅದು ಗೊತ್ತಿದ್ದದ್ದೇ. ಅದರ ಕೆಳಗೆ ಅಜ್ಜನ ಧೋತರ, ನೀಲಿ ಹಾಕಿ ಒಗೆದ ಬಣ್ಣ ಇನ್ನೂ ಮಡಿಕೆಯಲ್ಲಿ ಉಳಿದಿತ್ತು. ಅದರ ಕೆಳಗೆ, ತನ್ನದೇ ಹೊಲಿಗೆ, ತನ್ನದೇ ಅಂಚು ಹೊತ್ತ ಇನ್ನೊಂದು ಇಡೀ ಕೌದಿ. ಅದರಲ್ಲಿ ಕಡು ಹಸಿರಿನ ಇಳಕಲ್ ಸೀರೆಯ ತುಂಡು, ಗುಳೇದಗುಡ್ಡದ ಖಣದ ಕುಬಸದ ಒಂದು ತೋಳು. ಇಳಕಲ್ ಎಂದು ಗುರುತು ಹತ್ತಿದ್ದು ಟೋಪ ತೆನಿ ಸೆರಗಿನ ಕೆಂಪು ಬಿಳುಪಿನಿಂದ ಮಾತ್ರವಲ್ಲ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವುದು ಆ ಊರಿನ ನೇಕಾರರ ಪದ್ಧತಿ. ಸೀರೆ ಸವೆದು ಬಲೆಯಂತಾಗಿದ್ದರೂ ಆ ಕೊಂಡಿಯ ಸಾಲು ಮಾತ್ರ ಬಿಟ್ಟಿರಲಿಲ್ಲ. ಆ ಸೀರೆ ಉಟ್ಟವಳನ್ನು ನಾನು ನೋಡಿಲ್ಲ, ಅವಳ ಒಂದು ಚಿತ್ರವೂ ಮನೆಯಲ್ಲಿಲ್ಲ. ತೇಪೆ ಹಾಕುವ ಮೊದಲು ಬಹಳ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಕೌದಿಯ ಹೊಲಿಗೆ ಎಂದರೆ ಸಾದಾ ಹೊಲಿಗೆ. ದರ್ಜಿಗಳು ರನ್ನಿಂಗ್ ಸ್ಟಿಚ್ ಎನ್ನುತ್ತಾರಲ್ಲ, ಸೂಜಿ ಒಳಗೆ ಹೋಗಿ ಹೊರಗೆ ಬರುವುದು, ಅಷ್ಟೇ. ಎಂಟು ವರ್ಷದ ಹುಡುಗಿಗೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಜಾಣತನವಿರುವುದು ಸಾಲುಗಳ ನಡುವಿನ ಅಂತರದಲ್ಲಿ. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಬೆಚ್ಚಗಿಡುವುದು. ಸಾಲು ತೀರ ಒತ್ತಾದರೆ ಆ ಗಾಳಿಗೆ ಜಾಗವಿಲ್ಲದೆ ಕೌದಿ ಗೋಣಿತಟ್ಟಿನ ಹಾಗೆ ಬಿರುಸಾಗುತ್ತದೆ. ತೀರ ವಿರಳವಾದರೆ ನಾಲ್ಕು ಒಗೆತಕ್ಕೆ ಒಳಗಿನ ತುಂಡುಗಳು ಜಾರಿ ಮೂಲೆಯಲ್ಲಿ ಉಂಡೆಗಟ್ಟುತ್ತವೆ. ನನ್ನ ಕೈಗೆ ಎರಡು ಬೆರಳಿನ ಅಗಲ ಸರಿ ಅನ್ನಿಸಿದೆ. ತೆಳ್ಳಗಿನ ಮಕ್ಕಳ ಕೌದಿಗೆ ಇನ್ನೂ ಹತ್ತಿರ ಬರಬೇಕು, ಏಕೆಂದರೆ ಅದು ದಿನವೂ ನೀರು ಕಾಣುತ್ತದೆ.

ದೊಡ್ಡ ಕೌದಿಯನ್ನು ಇಬ್ಬರು ಮೂವರು ಎದುರುಬದುರು ಕೂತು ಹೊಲಿಯುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದಕ್ಕೇ ಮನೆ ಮನೆಗೆ ಬರುವ ಅಲೆಮಾರಿ ಹೆಂಗಸರೂ ಇದ್ದರು. ಕಟ್ಟೆಯ ಮೇಲೆ ಹಾಸಿಕೊಂಡು, ಕಾಳು ಕಡಿಯ ಜೊತೆ ಒಂದಿಷ್ಟು ದುಡ್ಡಿಗೆ ಹೊಲಿದುಕೊಡುತ್ತಿದ್ದರು. ಹಿಂಬದಿ ನೋಡಬೇಕು ಎನ್ನುವುದು ಇದಕ್ಕಾಗಿ. ಒಬ್ಬಳ ಹೊಲಿಗೆ ಅಕ್ಕಿಕಾಳಿನಷ್ಟು, ಇನ್ನೊಬ್ಬಳದು ಜೋಳದಷ್ಟು, ಮೂರನೆಯವಳದು ಬಲಕ್ಕೆ ವಾಲುತ್ತದೆ. ಎರಡು ಕೈ ಎಲ್ಲಿ ಕೂಡಿತು ಎಂದು ಬೆರಳಿಟ್ಟು ತೋರಿಸಬಹುದು. ಅಂಥ ಜಾಗ ಸಿಕ್ಕರೆ ನನಗೆ ಆ ಕೌದಿಯ ಮೇಲೆ ಪ್ರೀತಿ ದುಪ್ಪಟ್ಟಾಗುತ್ತದೆ.

ಧಾರವಾಡದ ಕಡೆಯ ಕಸೂತಿಗೆ ಸಿಕ್ಕ ಗೌರವ ಕೌದಿಗೆ ಸಿಕ್ಕಿಲ್ಲ. ಎರಡೂ ಒಂದೇ ಮನೆಯವು ಎಂದು ನನ್ನ ನಂಬಿಕೆ. ಕಸೂತಿಯ ಗಾವಂತಿಯನ್ನೇ ನೋಡಿ: ಒಂದೊಂದು ಟಾಕು ಬಿಟ್ಟು ಮುಂದೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗ ತುಂಬುತ್ತಾರೆ. ಗಂಟು ಹಾಕುವುದಿಲ್ಲ, ಹಿಂದೆ ಮುಂದೆ ಒಂದೇ ರೂಪ. ಕೌದಿಯೂ ಅದೇ ಹೊಲಿಗೆಯಿಂದ ಹೊರಡುತ್ತದೆ, ಆದರೆ ಹಿಂದಿರುಗುವುದಿಲ್ಲ. ಗೋಪುರ, ತೇರು, ನವಿಲು ಚಂದ್ರಕಾಳಿ ಸೀರೆಯ ಮೇಲೆ ಮೆರೆಯಲಿ. ಕೌದಿ ರಾತ್ರಿಯ ವಸ್ತು, ಕತ್ತಲಲ್ಲಿ ಕೈಗೆ ತಿಳಿದರೆ ಸಾಕು ಅದಕ್ಕೆ.

ಆದರೂ ಕಣ್ಣಿಗೆ ಹಬ್ಬವಾಗುವ ಕೌದಿಗಳಿವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎದುರು ನಾನು ಮಾತು ಕಳೆದುಕೊಳ್ಳುತ್ತೇನೆ. ಅವರ ಹಿರಿಯರು ಆಫ್ರಿಕದಿಂದ ಬಂದವರು. ಗೋವೆಯಲ್ಲಿ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಬಹಳ ಮಂದಿ. ಕವಂದಿಯ ಹೊಲಿಗೆ ಒಂದು ಮೂಲೆಯಿಂದ ಹೊರಟು, ಅಂಚು ಹಿಡಿದು ನಾಲ್ಕೂ ಬದಿ ಸುತ್ತಿ, ಸುತ್ತು ಸುತ್ತಾಗಿ ಒಳಸರಿಯುತ್ತ ನಡುವಿಗೆ ಬಂದು ಮುಗಿಯುತ್ತದೆ. ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವ ಕ್ರಮವಿಲ್ಲ. ಹೊಲಿಗೆ ಮುಂದುವರಿದಂತೆ ಒಂದೊಂದೇ ತುಂಡು ಕೂರುತ್ತದೆ. ಕೊನೆಗೆ ನಾಲ್ಕು ಮೂಲೆಗೆ ಮಡಿಚಿದ ಮುಕ್ಕೋನದ ತುಂಡು, ಅದಕ್ಕೆ ಫುಲ ಎನ್ನುತ್ತಾರೆ, ಹೂವು. ಫುಲ ಇಲ್ಲದಿದ್ದರೆ ಕವಂದಿ ಬೆತ್ತಲೆ ಎನ್ನುವುದು ಅವರ ಎಣಿಕೆ. ಕ್ರೈಸ್ತರ ಮನೆಯ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ ಕಾಣುವುದುಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೆಂಗಸರ ನಡುವೆ ಕೆಲಸ ಮಾಡಿದವರು. 2004ರಲ್ಲಿ ಹೊಲಿಯುವವರ ಒಂದು ಸಹಕಾರಿ ಕೂಟ ಹುಟ್ಟಿತು. 2011ರಲ್ಲಿ ಕವಂದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನ ಶಾಂಬರ್ಗ್ ಕೇಂದ್ರದ ಗೋಡೆಯ ಮೇಲೆ ತೂಗಿದವು. ಆ ಸುದ್ದಿ ಓದಿ ಹಿಗ್ಗಿದ್ದೆ. ಜೊತೆಗೆ, ಇದನ್ನು ಹೊದ್ದು ನೋಡದೆ ನಿಂತು ನೋಡಿ ಹೋದವರಿಗೆ ಅರ್ಧ ಕಲೆಯಷ್ಟೇ ದಕ್ಕಿತಲ್ಲ ಎಂದೂ ಅನ್ನಿಸಿತ್ತು.

ಈಗ ನನ್ನ ಚಿಂತೆ ಕೌದಿ ಹೊಲಿಯುವ ಕೈಗಳದ್ದಲ್ಲ. ಕೈಗಳಿವೆ, ಪ್ರತಿ ವಾರ ಓದುಗರ ಪತ್ರಗಳೇ ಸಾಕ್ಷಿ. ಹಳೆಯ ಹತ್ತಿ ಬಟ್ಟೆ ಎಲ್ಲಿದೆ? ಮೊದಲ ಪೆಟ್ಟು ಬಿದ್ದದ್ದು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದಾಗ. ಒಂದು ರಾಶಿ ಸೀರೆ ಕೊಟ್ಟು ಡಬ್ಬಿ ತಗೊಂಡ ಅವ್ವಂದಿರನ್ನು ನಾನು ದೂರುವುದಿಲ್ಲ, ಹೊಳೆಯುವ ಪಾತ್ರೆ ಆಗ ಕನಸಾಗಿತ್ತು. ಎರಡನೆಯದು ಪಾಲಿಯೆಸ್ಟರ್. ಅದು ಇಪ್ಪತ್ತು ವರ್ಷ ಉಟ್ಟರೂ ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ಮೀನಿನ ಹಾಗೆ ಜಾರುತ್ತದೆ. ಅಂಗಡಿಯಲ್ಲಿ ಇಂದು ಸಿಗುವ ಹೊಸ ಬಟ್ಟೆಯ ಕೌದಿಗಳಿಂದ ಹೊಲಿದವರಿಗೆ ಕೂಲಿ ಸಿಗುತ್ತದೆ, ಅದು ದೊಡ್ಡದು, ಕೊಳ್ಳಿರಿ. ಹತ್ತು ಹದಿನೈದು ವರ್ಷ ಎಡಬಿಡದೆ ಹೊದ್ದರೆ ಅವೂ ಕೌದಿಯಾಗುತ್ತವೆ.

ಮೊದಲ ಸಲ ಹೊಲಿಯುವವರು ಮಗುವಿನ ಕೌದಿಯಿಂದ ಶುರುಮಾಡಿ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಸೋಕಿಸಬಾರದು ಎಂಬ ನಮ್ಮ ಹಿರಿಯರ ಕಟ್ಟಳೆ ಕುಲಾವಿ, ಕುಂಚಿಗೆಗೆ ಹೇಗೋ ಇದಕ್ಕೂ ಹಾಗೆ. ಮನೆಯ ಹಿರಿಯರೊಬ್ಬರ ಹತ್ತಿ ಸೀರೆ ಸಾಕು. ಬಿಸಿನೀರಲ್ಲಿ ಒಗೆದು ಎರಡು ಬಿಸಿಲು ಕಾಣಿಸಿ. ಗುಂಡಿ, ಜರಿ ಕಿತ್ತುಬಿಡಿ. ಮೂರು ಪದರಕ್ಕಿಂತ ಹೆಚ್ಚು ಬೇಡ. ದಾರವನ್ನು ಒಂದು ಮೊಳಕ್ಕಿಂತ ಉದ್ದ ತೆಗೆದುಕೊಳ್ಳಬೇಡಿ, ಉದ್ದದ ದಾರ ಗಂಟಾಗುತ್ತದೆ. ಗಂಟು ಬಿದ್ದರೆ ಅದು ಪದರದ ಒಳಗಿರಲಿ, ಕೂಸಿನ ಚರ್ಮಕ್ಕೆ ತಾಗದಂತೆ.

ಅಟ್ಟದಿಂದ ಇಳಿದ ನಮ್ಮ ಕೌದಿಗೆ ತೇಪೆ ಸಾಲದೆ ಹೋಯಿತು. ಈಗ ಅದನ್ನು ಒಳಗಿಟ್ಟು ಹೊಸದಾಗಿ ಹೊಲಿಯುತ್ತಿದ್ದೇನೆ. ಮೇಲಕ್ಕೆ ನನ್ನ ಎರಡು ಹತ್ತಿ ಸೀರೆ, ಕೆಳಕ್ಕೆ ಅವ್ವ ಕೊನೆಯ ವರ್ಷ ಉಡುತ್ತಿದ್ದ ಬೂದುಬಣ್ಣದ್ದು. ಮೂರು ಸುತ್ತು ಮುಗಿದಿದೆ. ಸಂಜೆ ಮಗಳು ಬಂದು ಎದುರಿನ ಅಂಚಿನಲ್ಲಿ ಕೂತು ತನ್ನ ಸೂಜಿಗೆ ದಾರ ಪೋಣಿಸುತ್ತಾಳೆ. ಅವಳ ಹೊಲಿಗೆ ನನ್ನದಕ್ಕಿಂತ ಉದ್ದ, ಸ್ವಲ್ಪ ಎಡಕ್ಕೆ ವಾಲುತ್ತದೆ.