ಕ್ಯಾಮೆರಾ ಎಲ್ಲಿ ನಿಂತಿತ್ತು?

ಆರಂಭದ ಫ್ರೆಂಚ್ ಸಿನಿಮಾವನ್ನು ಎರಡು ಹೆಸರಿನಲ್ಲಿ ಹೇಳಿ ಮುಗಿಸುವುದು ಹಳೆಯ ರೂಢಿ. ಲೂಮಿಯೇರ್ ಸಹೋದರರದು ವಾಸ್ತವದ ದಾರಿ, ಜಾರ್ಜ್ ಮೆಲಿಯೆಸ್‌ನದು ಕಲ್ಪನೆಯ ದಾರಿ. ಸಾಕ್ಷ್ಯಚಿತ್ರಗಳೆಲ್ಲ ಅವರ ವಂಶ, ಮಾಯಾಜಾಲದ ಚಿತ್ರಗಳೆಲ್ಲ ಇವನ ವಂಶ. ಪಾಠ ಹೇಳುವುದಕ್ಕೆ ಇದು ಸುಲಭ. ಆದರೆ ಚಿತ್ರಗಳನ್ನೇ ಕೂತು ನೋಡಿದರೆ ಈ ವಿಂಗಡಣೆ ಉಳಿಯುವುದಿಲ್ಲ.

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯಲ್ಲಿ ತೋರಿಸಿದ ಹತ್ತು ಚಿತ್ರಗಳಲ್ಲಿ ಕಾರ್ಖಾನೆಯಿಂದ ಹೊರಬರುವ ಕಾರ್ಮಿಕರದೂ ಒಂದು. ಲಿಯೋನ್‌ನಲ್ಲಿದ್ದ ಆ ಕಾರ್ಖಾನೆ ಲೂಮಿಯೇರ್ ಮನೆತನದ್ದೇ. ಅದೇ ಬಾಗಿಲು ತೆರೆಯುವ ದೃಶ್ಯದ ಮೂರು ಆವೃತ್ತಿಗಳು ಉಳಿದಿವೆ. ಜನ ಎಡಕ್ಕೂ ಬಲಕ್ಕೂ ಚದುರುತ್ತಾರೆ, ಎದುರಿಗೇ ಇರುವ ಯಂತ್ರವನ್ನು ದಿಟ್ಟಿಸುವವರು ಇಲ್ಲವೆಂದೇ ಹೇಳಬೇಕು. ಇದು ತಾನಾಗಿ ಆದದ್ದಲ್ಲ, ಏರ್ಪಡಿಸಿದ್ದು. ತೋಟಗಾರನ ಮೇಲೆ ನೀರು ಚಿಮ್ಮುವ ಚಿತ್ರದಲ್ಲಂತೂ ಇದು ಇನ್ನೂ ಸ್ಪಷ್ಟ. ಕೀಟಲೆ ಮಾಡಿ ಓಡಿದ ಹುಡುಗನನ್ನು ತೋಟಗಾರ ಹಿಡಿದಲ್ಲೇ ಹೊಡೆಯುವುದಿಲ್ಲ, ಚೌಕಟ್ಟಿನ ಮುಂಭಾಗಕ್ಕೆ ಎಳೆದು ತಂದು ಹೊಡೆಯುತ್ತಾನೆ. ಐವತ್ತು ಸೆಕೆಂಡಿಗೂ ಸಾಲದ ಈ ಚಿತ್ರಕ್ಕೆ ಪ್ರೇಕ್ಷಕ ಎಲ್ಲಿದ್ದಾನೆಂಬ ಅರಿವಿದೆ. ಲೂಯಿ ಲೂಮಿಯೇರ್‌ನ ದೊಡ್ಡತನ ಇರುವುದು ನಿಜವನ್ನು ಹಿಡಿದದ್ದರಲ್ಲಲ್ಲ, ಕ್ಯಾಮೆರಾ ನಿಲ್ಲಬೇಕಾದ ಜಾಗವನ್ನು ಹಿಡಿದದ್ದರಲ್ಲಿ. ಅವನ ಇನ್ನೊಂದು ಚಿತ್ರದಲ್ಲಿ ಲಾ ಸಿಯೋತಾ ನಿಲ್ದಾಣದ ರೈಲು ಓರೆಯಾಗಿ ಬಂದು ಚೌಕಟ್ಟನ್ನು ತುಂಬುವ ಪರಿ ಇಂದಿಗೂ ಹಳತಾಗಿಲ್ಲ.

ಮೆಲಿಯೆಸ್ 1902ರಲ್ಲಿ ಚಂದ್ರಯಾನದ ಕಥೆಯನ್ನಷ್ಟೇ ಮಾಡಲಿಲ್ಲ. ಇಂಗ್ಲೆಂಡಿನ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕವನ್ನು, ಅದು ನಡೆಯುವ ಮುಂಚೆಯೇ, ಪ್ಯಾರಿಸ್ ಬಳಿಯ ಮೋಂತ್ರೈನಲ್ಲಿ ನಟರನ್ನಿಟ್ಟು ಚಿತ್ರೀಕರಿಸಿದ. ಕಲ್ಪನೆಯ ದೊರೆ ಸುದ್ದಿಚಿತ್ರವನ್ನೂ ಮಾಡಿದ್ದ! ನಿರ್ದೇಶಕ ಗೊದಾರ್ 1967ರ ತನ್ನ ಚಿತ್ರ ‘ಲಾ ಶಿನ್ವಾಜ್’ನಲ್ಲಿ ಒಂದು ಪಾತ್ರದಿಂದ ಈ ವಾದವನ್ನೇ ಆಡಿಸುತ್ತಾನೆ: ಲೂಮಿಯೇರ್ ಚಿತ್ರಕಾರ, ಮೆಲಿಯೆಸ್ ವರದಿಗಾರ. ಮಾತು ಚುರುಕಾಗಿದೆ. ಆದರೆ ಹಣೆಪಟ್ಟಿಗಳು ಅದಲುಬದಲಾದವೇ ಹೊರತು ಹೆಸರುಗಳು ಎರಡೇ ಉಳಿದವು.

ಮೆಲಿಯೆಸ್‌ನ ಮಿತಿಯನ್ನೂ ಹೇಳಬೇಕು. 1901ರ ‘ರಬ್ಬರ್ ತಲೆಯ ಮನುಷ್ಯ’ದಲ್ಲಿ ತಲೆ ಉಬ್ಬಿದಂತೆ ಕಾಣಿಸಲು ಆತ ಕ್ಯಾಮೆರಾವನ್ನು ಕದಲಿಸಲಿಲ್ಲ, ತಾನೇ ಅದರತ್ತ ಸರಿದು ಬಂದ. ರೋಬೆರ್ ಊದ್ಯಾಂ ರಂಗಮಂದಿರದ ಜಾದೂಗಾರನಾಗಿದ್ದ ಅವನಿಗೆ ಕ್ಯಾಮೆರಾ ಎಂದರೆ ಮೊದಲ ಸಾಲಿನ ಕುರ್ಚಿ. ರೀಲನ್ನು ಕತ್ತರಿಸಿ ಅಂಟಿಸಿ ಕಾಲವನ್ನು ಆಟವಾಡಿಸಿದವನಿಗೆ ಆ ಕುರ್ಚಿ ಬಿಟ್ಟೇಳುವುದು ಸಾಧ್ಯವಾಗಲಿಲ್ಲ.

ಆ ಹೆಜ್ಜೆಯನ್ನು ಅರ್ಥಪೂರ್ಣವಾಗಿ ಇಟ್ಟವರಲ್ಲಿ ಆಲಿಸ್ ಗೀ ಒಬ್ಬಳು. ಗೊಮೋಂ ಕಂಪನಿಯಲ್ಲಿ ಕಾರ್ಯದರ್ಶಿಯಾಗಿದ್ದು, ಮುಂದೆ ಅಲ್ಲಿನ ಚಿತ್ರ ನಿರ್ಮಾಣವನ್ನೇ 1907ರವರೆಗೆ ನಡೆಸಿದವಳು. 1906ರ ಅವಳ ಹಾಸ್ಯಚಿತ್ರದಲ್ಲಿ ಬಸುರಿಯೊಬ್ಬಳಿಗೆ ಬಯಕೆ ಹತ್ತುತ್ತದೆ. ಮಗುವಿನ ಮಿಠಾಯಿ, ಯಾರದೋ ಮದ್ಯದ ಲೋಟ, ಮತ್ತಾರದೋ ಪೈಪು, ಎಲ್ಲವನ್ನೂ ಕಸಿದುಕೊಳ್ಳುತ್ತಾಳೆ. ಪ್ರತಿ ಸಲವೂ ಬೀದಿ ಮರೆಯಾಗಿ ಅವಳ ಮುಖವಷ್ಟೇ ಹತ್ತಿರ ಬರುತ್ತದೆ. ಹತ್ತಿರದ ಶಾಟ್ ಗೀಗಿಂತ ಮುಂಚೆ ಇಂಗ್ಲೆಂಡಿನಲ್ಲೂ ಇತ್ತು, ಆದರೆ ಅಲ್ಲಿ ಬಹುಮಟ್ಟಿಗೆ ಭೂತಗನ್ನಡಿಯ ಕುತೂಹಲಕ್ಕೆ. ಇಲ್ಲಿ ಅದು ಒಬ್ಬ ಹೆಂಗಸಿನ ಸುಖಕ್ಕೆ. ಕೋಸಿನ ತೋಟದಲ್ಲಿ ಮಗು ಸಿಗುವ ಮುಕ್ತಾಯ ಮಾತ್ರ ಸಪ್ಪೆ. ನಗೆ ಅಷ್ಟು ಹೊತ್ತಿಗಾಗಲೇ ಮುಗಿದಿರುತ್ತದೆ.

ಕೀರ್ತಿ ಗುಣಕ್ಕಷ್ಟೇ ಒಲಿಯುವುದಿಲ್ಲ, ಉಳಿದ ರೀಲಿಗೆ ಒಲಿಯುತ್ತದೆ. ಲೂಮಿಯೇರ್ ಸಂಗ್ರಹ ಹೆಚ್ಚುಕಡಿಮೆ ಇಡಿಯಾಗಿ ಉಳಿಯಿತು. ಸಾಲದಲ್ಲಿ ಮುಳುಗಿದ ಮೆಲಿಯೆಸ್ 1923ರಲ್ಲಿ ತನ್ನ ನೆಗೆಟಿವ್‌ಗಳನ್ನು ಸುಟ್ಟರೂ ಅವನ ಕಾಲದಲ್ಲೇ ಅವನನ್ನು ಮತ್ತೆ ಹುಡುಕಿ ಸನ್ಮಾನಿಸಿದರು. ಗೀಯ ಚಿತ್ರಗಳಲ್ಲಿ ಬಹುಪಾಲು ಕಳೆದುಹೋದವು, ಕೆಲವಕ್ಕೆ ಬೇರೆಯವರ ಹೆಸರು ಅಂಟಿತು. ಆತ್ಮಕಥೆ ಅಚ್ಚಾದದ್ದು 1976ರಲ್ಲಿ, ಅವಳು ತೀರಿಕೊಂಡು ಎಂಟು ವರ್ಷವಾದ ಮೇಲೆ. ಎಲ್ಲಿ ನಿಲ್ಲಬೇಕು ಎಂಬುದನ್ನು ಲೂಮಿಯೇರ್, ಯಾವಾಗ ಕತ್ತರಿಸಬೇಕು ಎಂಬುದನ್ನು ಮೆಲಿಯೆಸ್ ತೋರಿಸಿದರೆ, ಯಾರ ಹತ್ತಿರ ಹೋಗಬೇಕು ಎಂಬುದನ್ನು ತೋರಿಸಿದವಳು ಗೀ. ಇಂದಿನ ಕಥಾಚಿತ್ರಕ್ಕೆ ಈ ಮೂರರಲ್ಲಿ ಹೆಚ್ಚು ಬೇಕಾಗಿರುವುದು ಕೊನೆಯದೇ.