ಎಣಿಸುವವನ ಪಾಲು: 'ಆರ್ಡಿನರಿ ಲವ್' ನೋಡಿ

ಕ್ಯಾನ್ಸರ್ ಸಿನಿಮಾಗಳಲ್ಲಿ ಗಂಡ ಸಾಮಾನ್ಯವಾಗಿ ತ್ಯಾಗಮೂರ್ತಿ, ಇಲ್ಲವೇ ಕೈಕೊಡುವವನು. 2019ರ 'ಆರ್ಡಿನರಿ ಲವ್' ಚಿತ್ರದ ಟಾಮ್ ಎರಡೂ ಅಲ್ಲ. ನಾಟಕಕಾರ ಓವನ್ ಮೆಕ್ಯಾಫರ್ಟಿ ತಮ್ಮ ಹೆಂಡತಿಯ ಕಾಯಿಲೆಯ ಅನುಭವದಿಂದ ಬರೆದ ಕಥೆ ಇದು. ಸ್ತನ ಕ್ಯಾನ್ಸರ್ ಬಂದ ಜೋನ್ ಆಗಿ ಲೆಸ್ಲಿ ಮ್ಯಾನ್‌ವಿಲ್, ಗಂಡ ಟಾಮ್ ಆಗಿ ಲಿಯಾಮ್ ನೀಸನ್. ಮಗಳನ್ನು ಹಿಂದೆಯೇ ಕಳೆದುಕೊಂಡ ಮನೆ, ಇರುವವರು ಇಬ್ಬರೇ. ತಮಾಷೆ ಮಾಡುತ್ತಾರೆ, ಜಗಳವಾಡುತ್ತಾರೆ. ಇದನ್ನು ಇಬ್ಬರೂ ಸೇರಿ ಅನುಭವಿಸುತ್ತಿದ್ದೇವೆ ಎಂಬ ಟಾಮ್‌ನ ನಂಬಿಕೆಯನ್ನು ಜೋನ್ ಒಪ್ಪುವುದಿಲ್ಲ. ಚಿತ್ರದ ಪ್ರಾಮಾಣಿಕತೆ ಇರುವುದು ಅಲ್ಲೇ.

ನನ್ನ ತಕರಾರು ಒಂದೇ. ಆಪರೇಷನ್ ಆಗಿ ಮನೆಗೆ ಬಂದ ಮೇಲಿನ ವಾರಗಳಲ್ಲಿ ಚಿತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಡ್ರೇನ್‌ನಲ್ಲಿ ಎಷ್ಟು ಮಿಲಿ ಬಂತೆಂದು ದಿನಾ ಬರೆದಿಡುವುದು, ತೋಳು ಬಿಗಿಯದಂತೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ, ತಲೆ ಬಾಚಿಕೊಡುವುದು: ಪುಣೆಯ ನಮ್ಮ ಫ್ಲ್ಯಾಟಿನಲ್ಲಿ, ಊರಿಂದ ಬಂದವರು ವಾಪಸಾದ ಮೇಲೆ, ನಮ್ಮ ದಾಂಪತ್ಯ ಇಷ್ಟೇ ಆಗಿತ್ತು. ನೋವು ನುಂಗಿ ಕೈ ಎತ್ತಬೇಕಾದವಳು ಅವಳು. ಪಕ್ಕದಲ್ಲಿ ನಿಂತು ಹತ್ತರವರೆಗೆ ಎಣಿಸುವುದಷ್ಟೇ ನನ್ನ ಪಾಲು. ಜೋನ್ ಹೇಳಿದ್ದು ನನಗೆ ಅರ್ಥವಾದದ್ದು ಹಾಗೆ.

ಇಂಥ ದಿನಗಳಲ್ಲಿರುವವರು ಚಿತ್ರವನ್ನು ನೋಡಿ. ಸಾಧ್ಯವಾದರೆ ಇಬ್ಬರೂ ಕೂತು.